ತುಂಬಿದ ಬ್ಯಾರಲ್ಲಿಗೆ ಹಾಕಿದ ಬೀಗ

ಹಿಂದೆ ಕೂತವರು ಸ್ವಲ್ಪ ಮಾತು ನಿಲ್ಲಿಸಿ. ನನಗೆ ಗೊತ್ತು, ನಿಮ್ಮ ಮೈ ಈ ಪ್ರವಚನದಲ್ಲಿದೆ, ಮನಸ್ಸು ನಾಳೆಯ ಮೆರವಣಿಗೆಯಲ್ಲಿದೆ. ಬೇಸಿಗೆ ಸೂಟಿ, ಮಕ್ಕಳು ಮೊಮ್ಮಕ್ಕಳಿಂದ ಮನೆ ತುಂಬಿದೆ, ನಾಳೆ ಬಸವ ಜಯಂತಿ, ಚನ್ನಮಲ್ಲಪ್ಪನ ಮನೆಯಲ್ಲಿ ಎರಡು ಪೆಟ್ಟಿಗೆ ಪಟಾಕಿ ಮದ್ದು ಬಂದು ಕೂತಿದೆ. ಯಾಕಪ್ಪ ಚನ್ನಮಲ್ಲಪ್ಪ, ತಲೆ ತಗ್ಗಿಸಿದೆ? ನಾನೇನು ಬೈಯಲು ಬಂದಿಲ್ಲ. ಮದ್ದು ಹಾರಿಸುವುದೆಂದರೆ ನನಗೂ ಪ್ರೀತಿಯೇ. ಕಾವಿ ಸೀರೆ ಉಟ್ಟ ಮಾತ್ರಕ್ಕೆ ಕಣ್ಣು ಕುರುಡಾಗುವುದಿಲ್ಲ. ಆ ಔಟು ಸರ್ರನೆ ಮೇಲೇರಿ, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಢಂ ಎಂದು ಆಕಾಶದ ತುಂಬ ಹೂವು ಚೆಲ್ಲುತ್ತದಲ್ಲ, ಆಗ ನಾನೂ ಬಾಯಿ ತೆರೆದೇ ನಿಲ್ಲುತ್ತೇನೆ. ಬಾಯೊಳಗೆ ನೊಣ ಹೋದರೂ ಗೊತ್ತಾಗುವುದಿಲ್ಲ.

ಆ ಸಂತೋಷ ಸುಳ್ಳಲ್ಲ. ಆದರೆ ಸಂತೋಷಕ್ಕೂ ಒಬ್ಬ ಕಾವಲುಗಾರ ಬೇಕು. ಹೇಗೆ ಎಂದು ಕೇಳಿ. ಒಂದು ಕಥೆ ಹೇಳುತ್ತೇನೆ, ಕಿವಿ ಇಲ್ಲಿಡಿ.

ಒಂದೂರು. ನೇಕಾರರ ಊರು, ನಿಮ್ಮ ಊರಿನ ಹಾಗೆಯೇ. ಆ ಊರಲ್ಲೊಬ್ಬ ಸಾಹುಕಾರ. ಕೆಟ್ಟವನಲ್ಲ ನೋಡಿ, ಒಳ್ಳೆಯವನೇ. ಪ್ರತಿವರ್ಷ ಬಸವ ಜಯಂತಿಗೆ ಮೆರವಣಿಗೆ ದೊಡ್ಡ ಬೀದಿಗೆ ತಿರುಗುವ ಹೊತ್ತಿಗೆ ತನ್ನ ಮಾಳಿಗೆಯ ಮೇಲಿಂದ ಮದ್ದು ಹಾರಿಸುತ್ತಿದ್ದ. ಸುತ್ತಲಿನ ಹಳ್ಳಿಯವರು ಅದನ್ನು ನೋಡಲೆಂದೇ ಬರುತ್ತಿದ್ದರು. ‘ಏನು ಮದ್ದು ಮಾರಾಯ!’ ಎಂದು ಜನ ಕೂಗಿದರೆ ಸಾಹುಕಾರನಿಗೆ ವರ್ಷವಿಡೀ ಹೊಟ್ಟೆ ತುಂಬಿದ ಹಾಗಿರುತ್ತಿತ್ತು.

ಅವನ ಮನೆ ಇದ್ದದ್ದು ಒಂದು ಇಕ್ಕಟ್ಟಿನ ಓಣಿಯಲ್ಲಿ. ಎರಡೂ ಕಡೆ ನೇಕಾರರ ಮನೆಗಳು, ಮನೆಗೊಂದು ಮಗ್ಗ, ಎಲ್ಲಿ ನೋಡಿದರೂ ನೂಲು. ಇನ್ನು ನೀರಿನ ಮಾತು. ಬೇಸಿಗೆಯಲ್ಲಿ ಆ ಓಣಿಗೆ ನಲ್ಲಿ ನೀರು ಬರುವುದು ಒಂಬತ್ತು ದಿನಕ್ಕೊಮ್ಮೆ. ಹಾಗಾಗಿ ಮನೆ ಮುಂದೆ ಒಂದೊಂದು ನೀಲಿ ಬ್ಯಾರಲ್. ಆ ಬ್ಯಾರಲ್ಲಿನ ಮುಚ್ಚಳಕ್ಕೆ ಒಂದು ಬೀಗ. ಬೀಗದ ಚಾವಿ ಎಲ್ಲಿ? ಮನೆಯೊಡತಿಯ ತಾಳಿಸರದಲ್ಲಿ, ಪಿನ್ನು ಹಾಕಿ ಸಿಕ್ಕಿಸಿಕೊಂಡದ್ದು. ನಗುತ್ತೀರಿ ನೋಡಿ, ತಾಯಂದಿರು ನಗುತ್ತಿದ್ದೀರಿ! ನೀಲವ್ವಕ್ಕ, ಸೆರಗು ಸರಿಮಾಡಿಕೊಳ್ಳಬೇಡ, ನಿನ್ನ ಚಾವಿ ನನಗೆ ಆಗಲೇ ಕಂಡಿದೆ.

ಆ ಓಣಿಯಲ್ಲಿ ಹೊಲಿಗೆ ಹೊಲಿದು ಬದುಕುವ ಒಬ್ಬ ಹೆಣ್ಣುಮಗಳು ಇದ್ದಳು. ಬಾಯಿ ಜೋರು. ಯಾರ ಮನೆಯ ಮೋರಿ ಕಟ್ಟಿಕೊಂಡರೂ ಈಕೆಯೇ ಮುನ್ಸಿಪಾಲ್ಟಿಗೆ ಹೋಗಬೇಕು, ಯಾರ ಮನೆ ಮುಂದೆ ಕಂಬದ ದೀಪ ಆರಿದರೂ ಈಕೆಯೇ ಅರ್ಜಿ ಕೊಡಬೇಕು. ಜನ ಅವಳನ್ನು ಹೊಗಳುತ್ತಿದ್ದರೇ? ಇಲ್ಲ. ‘ಈಕೀಗೆ ಮಾಡಾಕ ಕೆಲಸಿಲ್ಲ’ ಎನ್ನುತ್ತಿದ್ದರು. ಎದುರುಮನೆಯಾಕೆಯಂತೂ ಒಂದು ಮೋರಿ ಜಗಳದಿಂದಾಗಿ ಮೂರು ವರ್ಷ ಅವಳ ಜೊತೆ ಮಾತೇ ಬಿಟ್ಟಿದ್ದಳು.

ಆ ವರ್ಷ ಹಬ್ಬ ಮೂರು ದಿನ ಇದೆ ಎನ್ನುವಾಗ ಈ ಹೆಣ್ಣುಮಗಳು ಸಾಹುಕಾರನ ಬಾಗಿಲಿಗೆ ಹೋದಳು.

“ಸಾಹುಕಾರ್ರ, ಮದ್ದು ಹಾರಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಓಣ್ಯಾಗ ಬ್ಯಾಡ್ರಿ. ಕೆರಿ ಒಣಗಿ ಬಯಲಾಗೇತಿ, ಅಲ್ಲಿ ಹಾರಸ್ರಿ. ಇಲ್ಲಿ ಬರೇ ನೂಲು ಐತಿ.”

ಸಾಹುಕಾರ ನಕ್ಕ. “ಇಪ್ಪತ್ತ ವರ್ಷ ಆತವ್ವ, ಒಂದ ಕಿಡಿ ಬಿದ್ದಿಲ್ಲ. ನೀ ಮಷೀನ ತುಳಿಯೋದ ಬಿಟ್ಟು ಊರ ಉಸಾಬರಿ ಯಾಕ ಹಚ್ಕೊಂಡಿ?”

ಸರಿ, ಅಲ್ಲಿಂದ ಮನೆಮನೆಗೆ ಹೋದಳು. “ಯಕ್ಕಾ, ಹಬ್ಬದ ದಿನ ಬಾಗಲದಾಗ ಎರಡು ಕೊಡ ನೀರು ತುಂಬಿ ಇಡ್ರಿ. ಮೆರವಣಿಗಿಗೆ ಹೋಗೂಮುಂದ ಚಾವಿನಾದ್ರೂ ಒಬ್ಬರ ಕೈಯಾಗ ಕೊಟ್ಟು ಹೋಗ್ರಿ” ಎಂದಳು. ಜನ ಏನೆಂದರು? ಒಬ್ಬಾಕೆ, “ನೀರು ಹೊರಗಿಟ್ರ ಉಳಿತಾವೇನ? ಮಂದಿ ಕಣ್ಣೆಲ್ಲಾ ಅದರ ಮ್ಯಾಲ” ಎಂದಳು. ಇನ್ನೊಬ್ಬ, “ಬೆಂಕಿ ಆರಸಾಕ ಸರಕಾರದ ಗಾಡಿ ಐತಿ, ನಿನಗ್ಯಾಕ ಚಿಂತಿ?” ಎಂದ. ಎದುರುಮನೆಯಾಕೆ ಬಾಗಿಲನ್ನೇ ತೆರೆಯಲಿಲ್ಲ.

ಹಬ್ಬ ಬಂತು! ಅಂದು ಬೆಳಿಗ್ಗೆಯೇ ನಲ್ಲಿಯಲ್ಲಿ ನೀರೂ ಬಂತು. ಇಪ್ಪತ್ತಾರು ಮನೆ, ಇಪ್ಪತ್ತಾರು ಬ್ಯಾರಲ್, ಇಪ್ಪತ್ತಾರೂ ಕಂಠದವರೆಗೆ ತುಂಬಿದವು. ಇಪ್ಪತ್ತಾರಕ್ಕೂ ಬೀಗ ಬಿತ್ತು. ಸಂಜೆ ಡೊಳ್ಳು, ಸಮ್ಮೇಳದ ವಾದ್ಯ, ಹೂವಿನ ಕಮಾನು! ಓಣಿಗೆ ಓಣಿಯೇ ಎದ್ದು ಮೆರವಣಿಗೆಗೆ ಹೋಯಿತು. ಚಾವಿಗಳೂ ಕೊರಳಲ್ಲಿ ಕೂತು ಮೆರವಣಿಗೆಗೆ ಹೋದವು.

ಓಣಿಯಲ್ಲಿ ಉಳಿದವರು ಯಾರು? ಮಾಳಿಗೆಯ ಮೇಲೆ ಸಾಹುಕಾರ ಮತ್ತು ಅವನ ಹೆಂಡತಿ. ಮನೆಯಲ್ಲಿ ಹೊಲಿಗೆಯಾಕೆ, ಕೊಟ್ಟ ಮಾತಿಗೆ ಯಾರದೋ ಕುಬಸ ಹೊಲಿಯುತ್ತ ಕೂತವಳು. ಇನ್ನೊಬ್ಬಳು ಬಾಣಂತಿ. ಹೆರಿಗೆಗೆಂದು ತವರಿಗೆ ಬಂದ ಒಬ್ಬ ನೇಕಾರನ ಮಗಳು, ಹಡೆದು ಹನ್ನೊಂದು ದಿನ. ಬಾಣಂತಿ ಹೊರಗೆ ಬರುವಂತಿಲ್ಲ. ಅವಳ ತಾಯಿ ಏನು ಮಾಡಿದಳು? ‘ಒಬ್ಬಾಕೀನ ಇರತಾಳ, ಯಾರರ ಹೊಕ್ಕಾರು’ ಎಂದು ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿ, ಆ ಚಾವಿಯನ್ನೂ ಕೊರಳಿಗೆ ಹಾಕಿಕೊಂಡು ಮೆರವಣಿಗೆಗೆ ಹೋದಳು. ಮಗಳ ಮೇಲಿನ ಪ್ರೀತಿಯಿಂದಲೇ ಹಾಕಿದಳು. ಆ ಮನೆಗೆ ಹಿತ್ತಲ ಬಾಗಿಲಿಲ್ಲ, ಹಿಂದೆ ಬೇರೆಯವರ ಗೋಡೆ.

ಹೊತ್ತು ಮುಳುಗುತ್ತಿದೆ. ದೂರದಲ್ಲಿ ಡೊಳ್ಳು. ಸಾಹುಕಾರ ಬಾಟಲಿಯಲ್ಲಿ ರಾಕೆಟ್ಟು ಇಟ್ಟ, ಹಚ್ಚಿದ. ಸುಂಯ್! ಮೇಲೆ ಹೋಯಿತು. ಇನ್ನೊಂದು. ಸುಂಯ್! ಅದೂ ಹೋಯಿತು. ದೂರದಿಂದ ಜನ ಹೋ ಎಂದರು. ಮೂರನೆಯದಕ್ಕೆ ಕಿಡಿ ಮುಟ್ಟಿಸಿದ್ದೇ ತಡ, ಗಾಳಿ ಬೀಸಿತು, ಬಾಟಲಿ ಉರುಳಿತು. ರಾಕೆಟ್ಟು ಮೇಲೆ ಹೋಗಲಿಲ್ಲ. ಅಡ್ಡ ಹೋಯಿತು. ಓಣಿ ದಾಟಿ, ಬಾಣಂತಿಯ ಮನೆಯ ಚಪ್ಪರದ ಕೆಳಗೆ ಬಣ್ಣ ಹಾಕಿ ಒಣಗಲು ಬಿಟ್ಟಿದ್ದ ನೂಲಿನ ಲಡಿಗಳೊಳಗೆ ಹೊಕ್ಕಿತು.

ನೂಲಿಗೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕು, ನೇಕಾರರಿಗೆ ನಾನು ಹೇಳಬೇಕೇ? ಚಪ್ಪರ ಹತ್ತಿತು, ಬಾಗಿಲು ಹತ್ತಿತು. ಒಳಗಿನಿಂದ ಬಾಣಂತಿ ಕೂಗಿದಳು. “ಯಕ್ಕಾ! ಹೊಗಿ ತುಂಬಾಕತ್ತೈತಿ! ಕೂಸು ಅಳವಲ್ದು, ಯಕ್ಕಾ!”

ಅತ್ತರೆ ಚಿಂತೆಯಿಲ್ಲ. ಕೂಸು ಅಳುತ್ತಿಲ್ಲ. ಈ ಮಾತಿನ ಅರ್ಥ ಹಡೆದ ತಾಯಂದಿರಿಗೆ ಗೊತ್ತು.

ಹೊಲಿಗೆಯಾಕೆ ಮೊದಲು ಬೆಂಕಿಗಾಡಿಗೆ ಫೋನು ಮಾಡಿದಳು. ಹೊರಟೆವು ಎಂದರು, ಆದರೆ ದಾರಿ ತುಂಬ ಮೆರವಣಿಗೆ. ತನ್ನ ಮನೆಯ ಬ್ಯಾರಲ್ಲಿನ ನೀರನ್ನೆಲ್ಲ ಮೊಗೆದು ಮೊಗೆದು ಎರಚಿದಳು. ಸಾಕಾಗಲಿಲ್ಲ. ಸಾಹುಕಾರನ ಮನೆಯಡಿ ಕೊಳದಂಥ ನೀರಿನ ತೊಟ್ಟಿ ಇತ್ತು, ಅದರ ಮೇಲೆ ಪಂಪು ಇತ್ತು. ಆದರೆ ಮೆರವಣಿಗೆಯ ಕಮಾನು ತಂತಿಗೆ ತಾಗಬಾರದೆಂದು ಊರಿನ ಕರೆಂಟು ತೆಗೆದಿದ್ದರು. ತೊಟ್ಟಿಯಿಂದ ಸೇದೋಣವೆಂದರೆ ಅಷ್ಟು ದೊಡ್ಡ ಮನೆಯಲ್ಲಿ ಒಂದು ಮೊಳ ಹಗ್ಗವಿಲ್ಲ. ‘ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂದು ನಾವು ಹಿಂದಿನವರನ್ನು ನೋಡಿ ನಗುತ್ತೇವೆ. ನಾವು ಅವರಿಗಿಂತ ಜಾಣರು ನೋಡಿ! ಬಾವಿ ಮೊದಲೇ ತೋಡುತ್ತೇವೆ, ನೀರು ಮೊದಲೇ ತುಂಬುತ್ತೇವೆ, ಆಮೇಲೆ ಬೀಗ ಹಾಕಿ ಚಾವಿ ತೆಗೆದುಕೊಂಡು ಹೋಗುತ್ತೇವೆ. ಇಪ್ಪತ್ತೈದು ಬ್ಯಾರಲ್ ತುಂಬ ನೀರು ಅಲ್ಲೇ ಕಣ್ಣೆದುರಿಗಿದೆ, ಒಂದು ಚರಿಗೆ ನೀರು ಕೈಗೆ ಸಿಗುವುದಿಲ್ಲ.

ಆಗ ಅವಳು ಏನು ಮಾಡಿದಳು? ಒಳಗೆ ಓಡಿ ತನ್ನ ಇಸ್ತ್ರಿ ಪೆಟ್ಟಿಗೆ ತಂದಳು. ಇದ್ದಿಲು ಹಾಕುವ ಹಳೆಯ ಕಬ್ಬಿಣದ ಪೆಟ್ಟಿಗೆ. ಎದುರುಮನೆಯಾಕೆಯ ಬ್ಯಾರಲ್ಲಿನ ಬೀಗಕ್ಕೆ ಹೊಡೆದಳು. ಹೊಡೆದಳು, ಹೊಡೆದಳು, ಬೀಗ ಕಳಚಿ ಬಿತ್ತು. ಅಷ್ಟರಲ್ಲಿ ಸಾಹುಕಾರ ಅಳುತ್ತ ಕೆಳಗೆ ಓಡಿಬಂದ. “ಯವ್ವಾ, ನನ್ನಿಂದ ಆತು, ನನ್ನಿಂದ ಆತು...”

“ಸಾಹುಕಾರ್ರ, ಆಮ್ಯಾಲ ಅಳ್ರಿ! ಈಗ ಕೊಡ ಹಿಡೀರಿ!”

ಎಂಥ ಮಾತು! ಸಾಹುಕಾರ ಕೊಡ ಹಿಡಿದ, ಅವನ ಹೆಂಡತಿ ಬಕೆಟ್ಟು ಹಿಡಿದಳು. ಇವಳು ಬೀಗ ಒಡೆಯುತ್ತ ಮುಂದೆ ಮುಂದೆ, ಅವರು ನೀರು ಹೊರುತ್ತ ಹಿಂದೆ ಹಿಂದೆ. ಒಂದು ಬ್ಯಾರಲ್, ಎರಡು, ಐದು, ಎಂಟು! ಬಾಗಿಲ ಬೆಂಕಿ ತಗ್ಗಿತು. ಆದರೆ ಬಾಗಿಲಿನ ಬೀಗ ಮಾತ್ರ ಇಸ್ತ್ರಿ ಪೆಟ್ಟಿಗೆಗೂ ಬಗ್ಗಲಿಲ್ಲ. ಆಗ ಸಾಹುಕಾರ ಒಂದು ಕೌದಿ ತೋಯಿಸಿ ಮೈಮೇಲೆ ಹೊದ್ದು, ಉರಿದು ಕೆಂಡವಾಗಿದ್ದ ಬಾಗಿಲಿಗೆ ಭುಜ ಕೊಟ್ಟು ನುಗ್ಗಿದ. ಬಾಗಿಲು ಮುರಿಯಿತು. ಬಾಣಂತಿಯನ್ನೂ ಕೂಸನ್ನೂ ಎಳೆದು ತಂದ. ಅವನ ಎರಡೂ ಅಂಗೈ ಸುಟ್ಟಿದ್ದವು.

ಕೂಸು ಅಳುತ್ತಿಲ್ಲ. ಹೊಲಿಗೆಯಾಕೆ ಒಂದು ಅರಿವೆ ನೀರಲ್ಲಿ ಅದ್ದಿ ಅದರ ಮುಖ ಒರೆಸಿದಳು, ಎದೆ ಒರೆಸಿದಳು, ಬೆನ್ನು ತಿಕ್ಕಿದಳು, ಆ ಅರಿವೆಯನ್ನೇ ಅದಕ್ಕೆ ಸುತ್ತಿದಳು. ಬಾಣಂತಿ ಒಂದೇ ಸಮನೆ ಮಗುವಿನ ಬಾಯಿ ನೋಡುತ್ತಿದ್ದಾಳೆ.

ಅತ್ತಿತು! ಕೂಸು ಅತ್ತಿತು! ಓಣಿ ಹಾರಿಹೋಗುವ ಹಾಗೆ ಅತ್ತಿತು! ಚಪ್ಪಾಳೆ ಹೊಡೆಯಿರಿ, ಹೊಡೆಯಿರಿ. ನಾನು ಈ ಕಥೆ ಎಷ್ಟು ಕಡೆ ಹೇಳಿದರೂ ಇಲ್ಲಿಗೆ ಬಂದಾಗ ನನ್ನ ಕಣ್ಣಲ್ಲಿ ನೀರು ಬರುತ್ತದೆ.

ಕಥೆ ಮುಗಿಯಿತೇ? ಇಲ್ಲ. ಬೆಂಕಿಗಾಡಿಯವರು ಬಂದು ಉಳಿದ ಕಿಡಿ ಆರಿಸಿದರು. ಮಗ್ಗ ಸುಟ್ಟಿತ್ತು, ಮಗ್ಗದ ಮೇಲಿನ ಮದುವೆ ಸೀರೆಯೂ ಹೋಗಿತ್ತು. ಮೆರವಣಿಗೆಯಿಂದ ಜನ ಓಡೋಡಿ ಬಂದರು. ಓಣಿ ತುಂಬ ಹೊಗೆ, ಕೆಸರು, ಮುರಿದ ಬೀಗಗಳು. ಬಾಣಂತಿ ಕೂಸನ್ನು ಅವಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಳೆ. ಆಗ ಎದುರುಮನೆಯಾಕೆ ಬಂದವಳು ಎಲ್ಲಕ್ಕಿಂತ ಮೊದಲು ಏನು ಕೇಳಿದಳು ಗೊತ್ತೇ?

“ಯಾವಾಕಿ ನನ್ನ ಬ್ಯಾರಲ್ ಕೀಲಿ ಮುರದಾಕಿ?”

ನಗಬೇಡಿ. ದಯವಿಟ್ಟು ನಗಬೇಡಿ.

ಹೊಲಿಗೆಯಾಕೆ ಸಿಟ್ಟು ಮಾಡಲಿಲ್ಲ. ಮೂರು ವರ್ಷದ ಮೇಲೆ ಮೊದಲ ಮಾತು ಆಡಿದಳು. “ನಾನ ಮುರದೀನಿ. ಈ ಕೂಸಿಗೆ ಸುತ್ತಿದ ಅರಿವಿ ಐತೆಲ್ಲ, ನಿನ್ನ ನೀರಾಗ ತೊಯ್ಸೇನಿ. ಮುಟ್ಟಿ ನೋಡು ಬಾ.”

ಎದುರುಮನೆಯಾಕೆ ಬಂದು ಮುಟ್ಟಿದಳು. ಹಸಿ ಅರಿವೆ, ಒಳಗೆ ಬೆಚ್ಚಗಿನ ಜೀವ. ಅಲ್ಲೇ ನೆಲಕ್ಕೆ ಕುಸಿದು ಹೋ ಎಂದು ಅತ್ತಳು. “ನೀ ಮನ್ನಿ ಬಾಗಲಾ ಬಡದಾಗ ನಾ ಒಳಗ ಇದ್ದೆವ್ವಾ. ಇದ್ದೂ ತೆಗೀಲಿಲ್ಲ” ಎಂದಳು.

ಮರುವರ್ಷ ಆ ಊರಲ್ಲಿ ಮದ್ದು ನಿಂತಿತೇ? ಯಾರು ಹೇಳಿದರು? ಇನ್ನೂ ಜೋರಾಯಿತು! ಆದರೆ ಕೆರೆಯ ಬಯಲಲ್ಲಿ. ಸಾಹುಕಾರನೇ ಹೋಗಿ ಬೆಂಕಿಗಾಡಿಯವರಿಗೆ ಮೊದಲೇ ತಿಳಿಸಿ ಬಂದ. ಹಸಿ ಗೋಣಿಚೀಲ ಹಿಡಿದು ಹುಡುಗರು ಸುತ್ತ ನಿಂತರು, ಅವರಿಗೆ ಹೇಗೆ ನಿಲ್ಲಬೇಕೆಂದು ಕಲಿಸಿದವಳು ಹೊಲಿಗೆಯಾಕೆ. ಬಯಲಿನ ಆಕಾಶ ದೊಡ್ಡದು ನೋಡಿ, ಓಣಿಯಿಂದ ಚೂರುಚೂರು ಕಾಣುತ್ತಿದ್ದ ಹೂವು ಅಲ್ಲಿ ಇಡಿಯಾಗಿ ಕಂಡಿತು.

ಈಗ ನಿಮ್ಮ ಕಡೆ ಬರುತ್ತೇನೆ. ಎದುರುಮನೆಯಾಕೆಯ ಮಾತಿಗೆ ನಕ್ಕಿರಲ್ಲ, ಆಕೆ ಯಾರು? ನಿನ್ನೆ ಪ್ರವಚನ ಮುಗಿದ ಮೇಲೆ ನಾನು ನಿಮ್ಮ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದೆ. ಹೊರಗಿಟ್ಟ ಬ್ಯಾರಲ್ ಹತ್ತೊಂಬತ್ತು. ಬೀಗ ಇದ್ದದ್ದು ಹದಿನೇಳಕ್ಕೆ. ಉಳಿದ ಎರಡಕ್ಕೆ ಯಾಕಿಲ್ಲ? ಅವು ಖಾಲಿ! ಓಣಿಯ ಬಾಯಲ್ಲಿ ಅಡ್ಡಾದಿಡ್ಡಿ ಬೈಕುಗಳು, ಬೆಂಕಿಗಾಡಿ ಇರಲಿ, ನನ್ನಂಥ ದಪ್ಪ ಹೆಂಗಸು ದಾಟುವುದೇ ಕಷ್ಟವಾಯಿತು. ಮೊನ್ನೆ ವಾರ್ಡಿನ ಸಭೆ ಕರೆದರಂತೆ, ಓಣಿಯಿಂದ ಹೋದವರು ಒಬ್ಬರು. ಆ ಒಬ್ಬಳು ಬಂದು ಹೇಳಿದ್ದನ್ನು ಕೇಳಿದವರೆಷ್ಟು ಮಂದಿ? ‘ಆಕೀಗೆ ಕೆಲಸಿಲ್ಲ’ ಎಂದು ನಿಮ್ಮಲ್ಲಿ ಯಾರೂ ಅನ್ನಲಿಲ್ಲವೇ? ಎದೆ ಮುಟ್ಟಿಕೊಂಡು ಹೇಳಿ.

ನೀರನ್ನು ಕಾಯ್ದುಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಒಂಬತ್ತು ದಿನಕ್ಕೊಮ್ಮೆ ನೀರು ಕಾಣುವ ತಾಯಿಯ ಸಂಕಟ ನನಗೂ ಗೊತ್ತು. ಆದರೆ ಚಾವಿ ಇನ್ನೊಬ್ಬರ ಕೈಗೆ ಕೊಡುವಷ್ಟು ನಂಬಿಕೆಯೂ ಓಣಿಯಲ್ಲಿ ಇಲ್ಲವೆಂದರೆ, ಇಲ್ಲಿ ಕೂತು ಐದು ದಿನ ಶರಣರ ಮಾತು ಕೇಳಿ ಏನು ಮಾಡಿದಿರಿ? ಮಾತು ಬಿಟ್ಟ ಮನೆಗೆ ಈ ಸಂಜೆಯೇ ಹೋಗಿ ಮಾತಾಡಿಸಿ. ಬೈಕುಗಳನ್ನು ತೆಗೆಯಿರಿ. ಬಾಗಿಲಲ್ಲಿ ಎರಡು ಕೊಡ ನೀರಿಡಿ, ಒಣಹಾಕಿದ ನೂಲನ್ನು ಒಳಗೆ ತೆಗೆದುಕೊಳ್ಳಿ. ಮನೆಯೊಳಗೆ ಜೀವ ಇರುವಾಗ ಹೊರಗಿನಿಂದ ಬೀಗ ಹಾಕಬೇಡಿ, ಯಾವ ಕಾರಣಕ್ಕೂ ಹಾಕಬೇಡಿ. ಚನ್ನಮಲ್ಲಪ್ಪ, ನಿನ್ನ ಎರಡು ಪೆಟ್ಟಿಗೆ ಮದ್ದು ನಾಳೆ ಶಾಲೆಯ ಮೈದಾನಕ್ಕೆ ಹೋಗಬೇಕು, ಬೆಂಕಿಗಾಡಿಯವರಿಗೆ ನೀನೇ ಹೋಗಿ ಹೇಳಿ ಬರಬೇಕು. ಹೂಂ ಅನ್ನು. ಜೋರಾಗಿ ಅನ್ನು, ಹಿಂದಿನವರಿಗೂ ಕೇಳಲಿ.

ಕೊನೆಯ ಮಾತು. ನಾಳೆ ನನ್ನನ್ನು ಕೂರಿಸಲೆಂದು ಟ್ರ್ಯಾಕ್ಟರಿಗೆ ಹೂವು ಕಟ್ಟಿ ಸಿಂಗರಿಸಿದ್ದೀರಿ. ನೋಡಿದೆ, ಬಹಳ ಚೆಂದವಾಗಿದೆ. ನಾನು ಅದನ್ನು ಹತ್ತುವುದಿಲ್ಲ. ಆ ಮೇಲ್ಮನೆಯ ದಾನಮ್ಮನ ಸೊಸೆ ಹಡೆದು ಎಂಟು ದಿನವಂತೆ, ಅವಳ ಮನೆಯ ಕಟ್ಟೆಯ ಮೇಲೆ ಕೂಡುತ್ತೇನೆ. ಮೆರವಣಿಗೆ ಮುಗಿಯುವವರೆಗೆ ನಿಮ್ಮ ಹದಿನೇಳು ಚಾವಿ ನನ್ನ ಉಡಿಯಲ್ಲಿರಲಿ. ಆದರೆ ನಾನೊಬ್ಬಳೇ ಓಡಿ ಓಡಿ ನೀರು ಹೊರಲಾರೆ, ವಯಸ್ಸಾಗಿದೆ. ಮದ್ದು ನೋಡುವ ಆಸೆ ಒಂದು ವರ್ಷ ಬಿಟ್ಟು ನನ್ನ ಜೊತೆ ಓಣಿಯಲ್ಲಿ ಉಳಿಯುವ ನಾಲ್ಕು ಜನ ಬೇಕು. ಯಾರು ಉಳಿಯುತ್ತೀರಿ? ಕೈ ಎತ್ತಿ. ಮಂಗಳಾರತಿ ಆಮೇಲೆ ಮಾಡೋಣ. ಮೊದಲು ನಾಲ್ಕು ಕೈ ಮೇಲೆ ಬರಲಿ.