ಪೇಪರ್ ಗೋಡೆಯ ಮೇಲೆ ನಲವತ್ತಮೂರು ಗುರುತು

ನನ್ನ ಹೆಸರು ಜಯಪಾಲ ಶೆಟ್ಟಿ, ತಂದೆ ದಿವಂಗತ ಕೊರಗಪ್ಪ ಶೆಟ್ಟಿ, ಪ್ರಾಯ 63 ವರ್ಷ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಮೆಷಿನ್ ಆಪರೇಟರ್ ಆಗಿದ್ದೆ, ಈಗ ಕೆಲಸವಿಲ್ಲ. ವಾಸ ನಂತೂರು ಜಂಕ್ಷನ್‌ನಿಂದ 150 ಮೀಟರ್ ದೂರದ ಬಾಡಿಗೆ ಮನೆಯ ಹಿಂಭಾಗ, ಒಬ್ಬನೇ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಅದೇ ಮನೆಯ ಮುಂಭಾಗದಲ್ಲಿ, ಹೆದ್ದಾರಿಯ ಕಡೆಗೆ, ಮಗ್ದಲೀನ್ ಬಾಯಿ, ಪ್ರಾಯ 71, ಒಬ್ಬರೇ ಇರುತ್ತಾರೆ. ನಮ್ಮಿಬ್ಬರ ನಡುವೆ ಇದ್ದದ್ದು ಹಲಗೆಯ ಅಡ್ಡಗೋಡೆ. 11 ವರ್ಷ ದಿನಾ ಬೆಳಿಗ್ಗೆ 6.30ಕ್ಕೆ ಅವರು ಆಚೆಯಿಂದ ಚಾ ಆಯ್ತಾ ಎಂದು ಕೇಳುತ್ತಿದ್ದರು, ನಾನು ಆಯ್ತು ಎನ್ನುತ್ತಿದ್ದೆ. ಎಷ್ಟೋ ದಿನ ನಾನು ಆಡಿದ ಮಾತು ಅದೊಂದೇ.

ಲಾರಿಗಳ ಶಬ್ದಕ್ಕೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕಳೆದ ನವೆಂಬರ್‌ನಲ್ಲಿ ಮನೆ ಯಜಮಾನರ ಒಪ್ಪಿಗೆ ಪಡೆದು, ಹಲಗೆ ತೆಗೆದು ಪೇಪರ್‌ಕ್ರೀಟ್ ಗೋಡೆ ಕಟ್ಟಲು ಹೊರಟೆ. ಹಳೆ ಪೇಪರ್ ಮೂರು ದಿನ ನೆನೆಸಿ, ಅರೆದು, ಸಿಮೆಂಟ್ ಸೇರಿಸಿ ಅಚ್ಚಿಗೆ ಹಾಕಿದರೆ ಹಗುರ ಇಟ್ಟಿಗೆ ಆಗುತ್ತದೆ. ಶಬ್ದ ದಾಟಲು ಬಿಡುವುದಿಲ್ಲ. ಪೇಪರ್ ಹರಿದು ಕೊಟ್ಟವರು, ಅಂಗಳದಲ್ಲಿ ಇಟ್ಟಿಗೆ ಮಗುಚಿ ಹಾಕಿದವರು ಬಾಯಿಯವರೇ. ಹರಿಯುವ ಮೊದಲು ಅವರು ಪೇಪರಿನಲ್ಲಿ ಬಂದ ಸತ್ತವರ ಫೋಟೊ ಎಲ್ಲ ನೋಡುತ್ತಿದ್ದುದರಿಂದ ಕೆಲಸ ತಡವಾಯಿತು. ಆ ಮೂರು ತಿಂಗಳು ನಾನು ಸಂತೋಷದಲ್ಲಿದ್ದೆ. ಇದು ಕೇಸಿಗೆ ಬೇಡವಾದರೆ ಬಿಡಬಹುದು.

ಫೆಬ್ರವರಿ 9ಕ್ಕೆ ಗೋಡೆ ಮುಗಿಯಿತು, ದಪ್ಪ 8 ಇಂಚು. ಲಾರಿ ಶಬ್ದ ನಿಂತಿತು. ಮರುದಿನದಿಂದ ಬಾಯಿಯವರ ಮಾತೂ ಇಲ್ಲ. ಕೆಲಸ ಮುಗಿಯಿತಲ್ಲ, ಇನ್ನು ಈ ಮನುಷ್ಯನಿಂದ ಎಂತ ಆಗಬೇಕು ಎಂದುಕೊಂಡಿದ್ದಾರೆ ಎಂದು ನನಗೆ ಸಿಟ್ಟು ಬಂತು. ಸುತ್ತಿ ಹೋದರೆ ಅವರ ಬಾಗಿಲಿಗೆ 34 ಹೆಜ್ಜೆ. ನಾನು ಹೋಗಲಿಲ್ಲ.

ನಿನ್ನೆ, 24ರಂದು, ಬೆಳಿಗ್ಗೆ 11.40ಕ್ಕೆ ಮೀನು ಮಾರುವ ಬೂಬ ಎಂಬವರು ನನ್ನ ಬಾಗಿಲು ಬಡಿದು, ಬಾಯಿಯವರು ಅಡುಗೆ ಕೋಣೆಯಲ್ಲಿ ಬಿದ್ದಿದ್ದಾರೆ, ನನಗೆ ಕೇಳಲಿಲ್ಲವಾ ಎಂದು ವಿಚಾರಿಸಿದರು. ನಾನು ಆಗ ಅದೇ ಗೋಡೆಗೆ ಒರಗಿ ಪೇಪರ್ ಓದುತ್ತಿದ್ದೆ. ಆಂಬುಲೆನ್ಸ್ ಕರೆಸಿ ಅತ್ತಾವರದ ಆಸ್ಪತ್ರೆಗೆ ಸೇರಿಸಿದೆವು. ಸೊಂಟದ ಎಲುಬು ಮುರಿದಿದೆ.

ಆಸ್ಪತ್ರೆಗೆ ಬಂದ ತಮ್ಮ ಠಾಣೆಯ ಸಿಬ್ಬಂದಿಯ ಹತ್ತಿರ ಬಾಯಿಯವರು, 11.30ಕ್ಕೆ ಬಿದ್ದೆ, ಯಾರನ್ನೂ ಕರೆಯಲಿಲ್ಲ ಎಂದು ಬರೆಸಿದ್ದಾರೆ. ಅದು ಸರಿಯಲ್ಲ. ಸಂಜೆ 5ಕ್ಕೆ ನಾನು ಅವರ ಮನೆಗೆ ಬೀಗ ಹಾಕಲು ಹೋದಾಗ ಬೆಳಗಿನ ಚಾ ಕುಡಿಯದೆ ಕೆನೆ ಕಟ್ಟಿತ್ತು. ಅವರ ಅಡುಗೆ ಕೋಣೆಯ ಬದಿಯಿಂದ, ಆ ಪೇಪರ್ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಸೌಟಿನಿಂದ ಹೊಡೆದ 43 ಗುರುತು ಇದ್ದವು. ಮೊದಲಿನವು ಆಳ, ಕೊನೆಯವು ಬರೇ ಗೀರು. ಸೌಟು ಅಲ್ಲೇ ಇತ್ತು.

ಇಂದು ಬೆಳಿಗ್ಗೆ 9ಕ್ಕೆ ಆಸ್ಪತ್ರೆಯಲ್ಲಿ ಕೇಳಿದೆ. ಮೊದಲು ಇಲ್ಲ ಎಂದರು. ಗುರುತು ಎಣಿಸಿದ್ದೇನೆ ಎಂದಾಗ, ಬಿದ್ದದ್ದು 6.30ಕ್ಕೇ, ನಿಜ ಹೇಳಿದರೆ ನನಗೆ ಬೇಜಾರಾಗುತ್ತದೆಂದು ಹಾಗೆ ಬರೆಸಿದ್ದು ಎಂದರು. ಮತ್ತೆ ಹೇಳಿದರು: "ಗೋಡೆ ಆದ ಮೇಲೂ ನಾನು ದಿನಾ ಕೇಳ್ತಿದ್ದೆ, ಚಾ ಆಯ್ತಾ ಅಂತ. ನಿಮಗೆ ಎಂತದೋ ಕೋಪ ಉಂಟು ಅಂತ ಎಣಿಸಿದೆ."

ಬಿದ್ದ ವಿಷಯದಲ್ಲಿ ನನಗೆ ಬೇರೆ ಯಾರ ಮೇಲೂ ಸಂಶಯವಿಲ್ಲ. ಅವರು ಬಿದ್ದದ್ದು 6.30ಕ್ಕೆ, ಐದು ಗಂಟೆ ಕರೆದರು, ಪಕ್ಕದವನು ಕೇಳಲಿಲ್ಲ ಎಂದು ತಿದ್ದಿ ಬರೆಯಬೇಕು.

ಈ ಗೋಡೆಯನ್ನು ಗರಗಸದಲ್ಲಿ ಕೊಯ್ಯಲು ಆಗುತ್ತದೆ. ಮಹಜರಿಗೆ ಬೇಕಾದೀತೆಂದು ಗುರುತುಗಳನ್ನು ಮುಟ್ಟದೆ, ಅವುಗಳಿಂದ ಮೇಲಕ್ಕೆ ಒಂದು ಅಡಿ ಚೌಕದ ಕಿಂಡಿಯನ್ನು ಮಧ್ಯಾಹ್ನ 12ಕ್ಕೆ ಕೊಯ್ದಿದ್ದೇನೆ. ಈಗ ಲಾರಿ ಶಬ್ದ ಪೂರ್ತಿ ಬರುತ್ತದೆ. ಆಚೆ ಯಾರೂ ಇಲ್ಲ. ಬಾಯಿಯವರು ಬರಲು ಆರು ವಾರ ಬೇಕಂತೆ. ಮಹಜರಿಗೆ ಬರುವುದಾದರೆ ಬೆಳಿಗ್ಗೆ 6.30 ಬಿಟ್ಟು ಬೇರೆ ಯಾವ ಹೊತ್ತಿಗೂ ಬರಬಹುದು. ಆ ಹೊತ್ತಿಗೆ ನಾನು ಕಿಂಡಿಯ ಹತ್ತಿರ ಕೂತಿರುತ್ತೇನೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದ ಹಾಗೆಯೇ ಇದೆ, ನಿಜ.

ಸ್ಥಳ: ಮಂಗಳೂರು
ದಿನಾಂಕ: 25-02-2025, ಮಧ್ಯಾಹ್ನ 3.15
ಸಹಿ: ಜಯಪಾಲ ಶೆಟ್ಟಿ