ವಕೀಲರ ವಿಲಾಯತಿ ತಂಬಾಕು

ಲಡಾಯಿಯ ದಿನಗಳು. ಕೊಪ್ಪಳ ಸ್ಟೇಷನ್ನಿನಲ್ಲಿ ಗದಗಿನ ಗಾಡಿಗೆ ಕಾಯುತ್ತಿದ್ದ ಶೇಖರಮ್ಮನ ಪಕ್ಕದಲ್ಲಿ ಇಬ್ಬರು ಗೆಳತಿಯರು ಕೂತಿದ್ದರು. ಒಬ್ಬಳು ವಕೀಲರ ಹೆಂಡತಿ ಗುರುಲಿಂಗಮ್ಮ, ಇನ್ನೊಬ್ಬಳು ಕಳಕಮ್ಮ. ಮೊದಲು ಬಾಯಿ ತೆಗೆದವಳು ಕಳಕಮ್ಮ.

“ಲಂಡನ್ ತಂಬಾಕು ಬರೋದು ನಿಂತು ವರ್ಷಾತು. ನಿಮ್ಮ ವಕೀಲರು ಪೈಪಿಗೆ ಏನು ತುಂಬತಾರವ್ವ?”

“ಲಂಡನ್ ತಂಬಾಕನ ತುಂಬತಾರ. ಅದು ಈಗ ನಮ್ಮ ಅಡಗಿಮನ್ಯಾಗ ತಯಾರಾಗತೈತಿ.”

“ಅಂದ್ರ?”

“ನಮ್ಮತ್ತಿ ಜಗಿಯೋ ತಂಬಾಕಿಗೆ ಬೆಲ್ಲದ ನೀರು ಚಿಮುಕಿಸಿ, ಲವಂಗ ಕುಟ್ಟಿ ಹಾಕಿ, ಹಳೇ ಡಬ್ಬಿಗೆ ತುಂಬಿಡತೀನಿ.”

“ಅವರಿಗೆ ಗೊತ್ತಾಗಂಗಿಲ್ಲೇನ?”

“ಕಣ್ಣು ಮುಚ್ಚಿ ಸೇದಿ, ‘ಇಂಗ್ಲಿಷರ ಕೈಗುಣಾನ ಬ್ಯಾರೆ’ ಅಂತಾರ.”

“ಗೊತ್ತಾತಂದ್ರ?”

“ಮರ್ಯಾದಿ ಕಳದಿ ಅಂತ ತವರಿಗೆ ಅಟ್ಟತಾರ. ನಿನ್ನೆ ನನ್ನ ಜೀವಾನ ಹೋಗಿತ್ತು. ಮೈದುನ ಮುಂಬೈಯಿಂದ ಖರೇ ಡಬ್ಬಿ ತಂದುಬಿಟ್ಟ!”

ಶೇಖರಮ್ಮ ತನಗರಿವಿಲ್ಲದೆ ಹತ್ತಿರ ಸರಿದಳು.

“ಸೇದಿದ್ರೇನ?”

“ಒಂದು ದಮ್ಮು ಎಳದು ಥೂ ಅಂದ್ರು. ‘ನಕಲಿ ಮಾಲು ಕೊಟ್ಟು ಯಾವನೋ ನಿನಗ ಟೋಪಿ ಹಾಕ್ಯಾನ’ ಅಂತ ತಮ್ಮಗ ಬೈದ್ರು.”

“ಅಯ್ಯ ಶಿವನ! ಆ ಡಬ್ಬಿ ಏನು ಮಾಡಿದಿ?”

ಅಷ್ಟರಲ್ಲಿ ಹೊಸಪೇಟೆಯ ಗಾಡಿ ಬಂತು. ಇಬ್ಬರೂ ಗಂಟು ಎತ್ತಿಕೊಂಡು ಓಡಿದರು. ಗಾಡಿ ಹತ್ತುತ್ತಲೇ ಗುರುಲಿಂಗಮ್ಮ ಹೇಳಿದ್ದು ಶೇಖರಮ್ಮನಿಗೂ ಕೇಳಿಸಿತು.

“ಅತ್ತಿಯವರಿಗೆ ಕೊಟ್ಟೆ. ಎಲಿ ಅಡಿಕಿ ಜೋಡಿ ಜಗದು, ‘ಇದು ಯಾವ ಊರಿನ ಹುಲ್ಲವ್ವ?’ ಅಂದ್ರು.”