ಮಗಳಿರುವ ಊರಿಗೆ

ಆರ್ಹುಸ್‌ನ ಬೇಕರಿಯ ಸಾಲಿನಲ್ಲಿ ಬೆಂಟೆಯ ಮುಂದೆ ಒಬ್ಬ ಮುದುಕಿಯೂ ಅವಳ ಮಗ ಟ್ರೋಲ್ಸನೂ ನಿಂತಿದ್ದರು. ಬೇಡವೆಂದರೂ ಅವರ ಮಾತು ಬೆಂಟೆಯ ಕಿವಿಗೆ ಬೀಳುತ್ತಿತ್ತು.

“ಬಿಟ್ಟು ಹೋದ ಹೆಂಡ್ತಿ ಹಿಂದೆ ಓಡೆನ್ಸೆಗೆ ಹೋಗ್ತೀಯಾ? ನಾಚಿಕೆ ಆಗಲ್ವೇನೋ?”

“ಅವಳ ಹಿಂದೆ ಅಲ್ಲಮ್ಮ, ಮಗಳ ಹಿಂದೆ.”

“ಮಗು ರಜಕ್ಕೆ ಬರುತ್ತಲ್ಲ?”

“ಬರುತ್ತೆ, ನೆಂಟರ ಥರ. ಹೋದ್ಸಲ ನಮ್ಮನೇಲೇ ನೀರು ಕುಡೀಲಾ ಅಂತ ನನ್ನ ಅಪ್ಪಣೆ ಕೇಳ್ತು.”

ಅವರ ಸರದಿ ಬಂತು; ಮುದುಕಿ ಬ್ರೆಡ್ಡಿಗೆ ದುಡ್ಡು ಎಣಿಸಿ ಕೊಟ್ಟಳು.

“ಕೆಲಸ?”

“ಆ ಊರೂ ಇದರ ಥರಾನೇ ಬೆಳೀತಿದೆ. ಬಡಗಿಗೆ ಕೆಲಸ ಸಿಗಲ್ವಾ?”

“ಮತ್ತೆ ನಾನು?”

“ಬಂದು ನೋಡ್ಕೊಂಡು ಹೋಗ್ತಿರ್ತೀನಿ. ಆದ್ರೆ ಹೋಗೋದು ಹೋಗೋದೇ ಅಮ್ಮ.”

ಮುದುಕಿ ಬ್ರೆಡ್ಡಿನ ಚೀಲ ಎತ್ತಿಕೊಂಡು ಮಗನ ತೋಳು ಹಿಡಿದಳು.

“ಮಹಡಿ ಮೇಲಿನ ಮನೆ ಹಿಡೀಬೇಡ. ನನ್ನ ಮಂಡಿ ಮೆಟ್ಲು ಹತ್ತೋಕೆ ಬಿಡಲ್ಲ,” ಎನ್ನುತ್ತ ಹೊರಟಳು.